ಮೊದಲ ಮಾತು ಯಾರದು

ಸೂಜೌ ಊರಿನ ಆ ಚಹಾದಂಗಡಿಯಲ್ಲಿ ಕಥೆಗಿಂತ ಮೊದಲು ಜಗಳ ಶುರುವಾಗುತ್ತಿತ್ತು.

ಫಾಂಗ್ ಯೂನ್ ಮತ್ತು ಷೆನ್ ಬೋ ಜೋಡಿ ಕಥೆಗಾರರು. ಅವಳ ಮಡಿಲಲ್ಲಿ ಪಿಪಾ ಎಂಬ ನಾಲ್ಕು ತಂತಿಯ ವಾದ್ಯ, ಅವನ ಕೈಯಲ್ಲಿ ಮೂರು ತಂತಿಯ ವಾದ್ಯ. ಒಂದೇ ಮೇಜಿನ ಎರಡು ಬದಿಗೆ ಕೂತು, ಮುಖಕ್ಕೆ ಮುಖ ಕೊಡದೆ ಎರಡು ವರ್ಷ ಕಳೆದಿದ್ದರು.

"ದೋಣಿಗೆ ಕಾಯೋ ಹುಡುಗಿ ಕಥೇನ ಅತ್ತೆ-ಸೊಸೆ ಜೋಕಿಂದ ಶುರು ಮಾಡ್ತಾರಾ?" ತೆರೆಯ ಹಿಂದೆ ತಂತಿ ಬಿಗಿಯುತ್ತ ಯೂನ್ ಸಿಡುಕಿದಳು. "ನೀನು ಬಾಯಿ ತೆಗೆದ್ರೆ ಕೋಳಿ ಸಂತೆ!"

"ನೀನು ಶುರು ಮಾಡಿದ್ರೆ ಹೆಣ ಎತ್ತಿದಂಗಿರತ್ತೆ. ಜನ ಚಹಾ ಕುಡಿಯೋಕೆ ಬಂದಿರೋದು, ಫಾಂಗ್ ಗುರುಗಳೇ."

"ಇವತ್ತು ಮೊದಲ ಮಾತು ನಂದು. ನಾಳೆಯಿಂದ ನಿನ್ನ ಮುಖ ನೋಡೋ ಕರ್ಮಾನೂ ಇಲ್ಲ. ಜೋಡಿ ಬದಲಾಯಿಸಿ ಅಂತ ಅಂಗಡಿ ಯಜಮಾನರಿಗೆ ಹೇಳಿದ್ದೀನಿ."

ಅವನ ಬೆರಳು ತಂತಿಯ ಮೇಲೆ ನಿಂತಿತು. "ಒಳ್ಳೇದಾಯ್ತು," ಅಂದ, ಅವಳತ್ತ ನೋಡದೆ.

ವೇದಿಕೆಯಲ್ಲಿ ಅವಳು ಒಂದೇ ಸ್ವರ ಮೀಟಿದಳು. "ನದಿಯ ಮೇಲೆ ಮಂಜು. ಎಲ್ಲರ ದೋಣಿಯೂ ಬಂತು..."

ಚಹಾದ ಜೊತೆ ಜನ ಕಲ್ಲಂಗಡಿ ಬೀಜ ಒಡೆದು ತಿನ್ನುವ ಸದ್ದು ನಿಲ್ಲಲಿಲ್ಲ. "ಜೋರಾಗಿ ಹೇಳಮ್ಮ, ನಿದ್ದೆ ಬರ್ತಿದೆ!" ಎಂದು ಮುದುಕನೊಬ್ಬ ಕೂಗಿದ. ಎಲ್ಲರೂ ನಕ್ಕರು.

ಯೂನ್‌ಳ ಕತ್ತು ಕೆಂಪಾಯಿತು. ಈಗ ಇವನೂ ಒಂದು ಜೋಕು ಎಸೆಯುತ್ತಾನೆ ಎಂದು ಹಲ್ಲು ಕಚ್ಚಿದಳು.

ಅವನು ಎಸೆಯಲಿಲ್ಲ. ಮೆಲ್ಲಗೆ ತಂತಿ ಮೀಟಿ, ಅಂಬಿಗನ ದನಿಯಲ್ಲಿ ಹೇಳಿದ: "ಕತ್ತಲಾಯ್ತು ಹುಡುಗಿ. ಇನ್ನು ಯಾರೂ ಬರಲ್ಲ. ಹೊರಟು ಹೋಗ್ತೀಯಾ?"

ಕಥೆಯಲ್ಲಿ ಆ ಮಾತೇ ಇರಲಿಲ್ಲ. ಅವನ ಕಣ್ಣು ಅವಳ ಮೇಲೇ ಇತ್ತು. ಅದರಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ಹೋಗಲ್ಲ," ಎಂದಳು.

"ಯಾಕೆ?"

"ಬೈಯೋದು ಬಾಕಿ ಇದೆ."

ಒಬ್ಬರೂ ನಗಲಿಲ್ಲ, ಒಂದು ಬೀಜವೂ ಒಡೆಯಲಿಲ್ಲ. ಕಥೆ ಮುಗಿಯುವವರೆಗೆ ಚಹಾ ತಣ್ಣಗಾಗುತ್ತಲೇ ಇತ್ತು.

ತೆರೆಯ ಹಿಂದೆ ಬಂದದ್ದೇ ಅವಳು ಉರಿದುಬಿದ್ದಳು. "ನಿನ್ನ ಸಹಾಯ ಯಾರು ಕೇಳಿದ್ರು?"

"ಸಹಾಯ ಮಾಡಿಲ್ಲ. ನೀನು ನಿಜವಾಗ್ಲೂ ಹೋಗ್ತೀಯಾ ಅಂತ ತಿಳ್ಕೋಬೇಕಿತ್ತು. ವೇದಿಕೆ ಮೇಲೆ ನಿಂಗೆ ಸುಳ್ಳು ಹೇಳೋಕೆ ಬರಲ್ಲ." ವಾದ್ಯವನ್ನು ಗೋಡೆಗೆ ಒರಗಿಸಿದ. "ಬೇರೆಯವರ ಪಕ್ಕ ಕೂತು ಕಥೆ ಹೇಳೋಕೆ ನಂಗೆ ಬರಲ್ಲ, ಯೂನ್."

"ಇಷ್ಟು ದಿನ ಹೇಳೋಕೆ ಏನು ರೋಗ ಬಂದಿತ್ತು?"

"ನೀನು ಬಾಯಿ ಮುಚ್ಚಿದ್ರೆ ತಾನೇ!"

ಅಷ್ಟರಲ್ಲಿ ಯಜಮಾನರು ತೆರೆ ಸರಿಸಿ ಇಣುಕಿದರು. "ಫಾಂಗ್ ಗುರುಗಳೇ, ಹೊಸ ಜೊತೆಗಾರ ಸಿಕ್ಕಿದಾನೆ. ನಾಳೆಯಿಂದ—"

"ಬೇಡ," ಅಂದಳು ಯೂನ್. ಷೆನ್ ಬೋನ ತೋಳಿನ ಬಟ್ಟೆಯನ್ನು ಯಾವಾಗ ಹಿಡಿದುಕೊಂಡಿದ್ದಳೋ ಅವಳಿಗೇ ಗೊತ್ತಿರಲಿಲ್ಲ. "ಈ ಮುಂಡೇದು ಇಲ್ಲೇ ಬಿದ್ದಿರ್ಲಿ."