ಮರೆತು ಬಂದವರು ಕೂತು ಹೋಗಬೇಕು

ಕ್ರಾಕೋವ್ ನಗರ ನೋಡಲು ಬಂದವರಿಗೆಲ್ಲ ಬುದ್ಧಿ ಹೇಳುವುದೇ ಗೈಡ್ ಕಲೀನಾಳ ಹೊಟ್ಟೆಪಾಡು. "ಟ್ರಾಮ್ ಹತ್ತಿದ ಕೂಡಲೇ ಟಿಕೆಟ್ ಪಂಚ್ ಮಾಡಿ. ಈ ಕಲ್ಲುಹಾಸಿನ ಬೀದಿಗಳಿಗೆ ಹೈ ಹೀಲ್ಸ್ ಬೇಡ. ಹೊಸ್ತಿಲಾಚೆ ನಿಂತವರ ಕೈ ಕುಲುಕಬೇಡಿ, ಏನನ್ನೂ ಕೊಡಬೇಡಿ, ಜಗಳವಾಗುತ್ತೆ. ಏನಾದರೂ ಮರೆತು ವಾಪಸ್ ಬಂದರೆ ಕೂತು ಹತ್ತು ಎಣಿಸಿಯೇ ಹೊರಡಿ. ಇಲ್ಲದಿದ್ದರೆ ಪ್ರಯಾಣ ಕೆಡುತ್ತೆ!"

ಊರಿಗೆಲ್ಲ ಇಷ್ಟು ಹೇಳುವವಳು ತನ್ನ ನಾಲಿಗೆಗೆ ಮಾತ್ರ ಬುದ್ಧಿ ಹೇಳಲಿಲ್ಲ ನೋಡಿ. ನಿನ್ನೆ ಚೌಕದಲ್ಲಿ ಪ್ರವಾಸಿ ಅಜ್ಜಿಯೊಬ್ಬಳು ಇನ್ನೊಬ್ಬ ಗೈಡ್ ವಿಟೋಲ್ಡ್‌ನನ್ನು ತೋರಿಸಿ, "ನಿನ್ನ ಹುಡುಗನಾ?" ಎಂದಳು. ಕಲೀನಾ ಕಿಸಕ್ಕನೆ ನಕ್ಕು, "ಅಯ್ಯೋ, ಇವನಾ? ಬರೀ ಜೊತೆ ಕೆಲಸದವನು!" ಎಂದುಬಿಟ್ಟಳು. ಅವನ ಕಿವಿಗೆ ಅದು ಬಿತ್ತು. ಇಷ್ಟು ದಿನ ಬೇಡ ಬೇಡ ಎನ್ನುತ್ತಿದ್ದ, ದೂರದ ಗ್ದಾನ್ಸ್ಕ್ ಊರಿನ ಕೆಲಸಕ್ಕೆ ಸಂಜೆಯೇ ಒಪ್ಪಿಕೊಂಡ.

ಇವತ್ತು ಬೆಳಿಗ್ಗೆ ಹೋಗಿಬರ್ತೀನಿ ಎಂದು ಹೇಳಲು ಅವಳ ಮನೆಗೆ ಬಂದು, ಚಹಾ ಕುಡಿದು, ಒಣ ನಗು ನಕ್ಕು ಹೋದ. ಅವನು ಮೆಟ್ಟಿಲಿಳಿದ ಮೇಲೆ ಕಲೀನಾಳಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅವನೇ.

"ಮಫ್ಲರ್ ಬಿಟ್ಟೋದೆ. ಅಲ್ಲಿಂದಲೇ ಕೊಡು, ಟ್ರೈನಿಗೆ ಹೊತ್ತಾಯ್ತು."

"ಹೊಸ್ತಿಲಾಚೆಗೆ ನಾನೇನೂ ಕೊಡಲ್ಲ. ಒಳಗೆ ಬಾ."

"ನಾನೇನು ನಿನ್ನ ಟೂರಿಸ್ಟಾ?"

"ಈ ಊರಲ್ಲೇ ಹುಟ್ಟಿದೀಯ ತಾನೇ? ಕೂತ್ಕೋ. ಹತ್ತು ಎಣಿಸು."

ಗೊಣಗುತ್ತಲೇ ಕೂತ. ಸೂಟ್‌ಕೇಸ್ ಮಾತ್ರ ಕೈಬಿಡಲಿಲ್ಲ. "ಒಂದು, ಎರಡು, ಮೂರು, ನಾಲ್ಕು..."

ಬೇಕಂತಲೇ ಬೇಗ ಬೇಗ ಎಣಿಸುತ್ತಿದ್ದಾನೆ, ಕಟುಕ! ಕಲೀನಾ ಬಾಗಿಲಿಗೆ ಅಡ್ಡ ನಿಂತಳು. ಹತ್ತಾದರೆ ಮುಗಿಯಿತು, ಎದ್ದು ಹೋಗೇಬಿಡುತ್ತಾನೆ.

"ಸುಳ್ಳು ಹೇಳಿದೆ ಕಣೋ!"

"ಐದು. ಯಾರಿಗೆ?"

"ಆ ಅಜ್ಜಿಗೆ. ಹೌದು ಅಂದ್ರೆ ನೀನೆಲ್ಲಿ ನಗ್ತೀಯೋ ಅಂತ ಹೆದರಿಕೆ ಆಯ್ತು."

"ಆರು." ದನಿ ಮೆತ್ತಗಾಗಿತ್ತು. "ಏಳು... ನಿಜ ಏನು ಹಾಗಾದ್ರೆ?"

"ನೀನಂದ್ರೆ ಪ್ರಾಣ ನನಗೆ. ಸಾಕಾ? ಇನ್ನೂ ಬಿಡಿಸಿ ಹೇಳ್ಬೇಕಾ?"

"ಎಂಟು" ಎಂದವನ ಕಣ್ಣು ಅವಳ ಮುಖದಿಂದ ಕದಲಲಿಲ್ಲ. ಅವಳ ರೆಪ್ಪೆಯಂಚಿನಲ್ಲಿ ಇನ್ನೂ ನೀರಿತ್ತು. ಅವನು ಅದನ್ನೇ ನೋಡುತ್ತಿದ್ದ. "ಒಂಬತ್ತು" ಎನ್ನುವಾಗ ಸೂಟ್‌ಕೇಸಿನ ಮೇಲಿದ್ದ ಹಿಡಿತ ಸಡಿಲವಾಯಿತು.

ಹತ್ತು ಬರಲಿಲ್ಲ.

"ಛೆ, ಲೆಕ್ಕ ತಪ್ಪೋಯ್ತು," ಎಂದ ವಿಟೋಲ್ಡ್, ಕುರ್ಚಿಯ ಮೇಲೆ ಬಿದ್ದಿದ್ದ ಮಫ್ಲರನ್ನು ಅವಳ ಕೊರಳಿಗೆ ಸುತ್ತುತ್ತ. "ಮತ್ತೆ ಮೊದಲಿಂದ ಎಣಿಸ್ಬೇಕು. ನೀನೂ ಕೂತ್ಕೋ."