ಅಪ್ಪನಿಗೆ ಮೊದಲೇ ಏನಿತ್ತು

“ಮಿಸ್, ಒಂದ್ನಿಮಿಷ, ಆಸ್ಪತ್ರೆಯಿಂದ ಫೋನ್ ಬರ್ತಿದೆ,” ಎಂದು ಹುಡುಗಿ ಹೇಳುವಷ್ಟರಲ್ಲಿ ಆನ್‌ಲೈನ್ ಕ್ಲಾಸು ಪರದೆಯಿಂದ ಮಾಯವಾಯಿತು. ಮನೆಗೆಲ್ಲ ಇದ್ದದ್ದು ಅದೊಂದೇ ಫೋನು. ಭಿನ್ನರಾಶಿ ಹೇಳಿಕೊಡುತ್ತಿದ್ದ ಮಿಸ್ ದನಿ ಹೋಗಿ, ಯಾವುದೋ ಮೆಷೀನು ಕುಂಯ್‌ಗುಡುವ ಸದ್ದು ಕೇಳಿತು.

“ಪೇಷೆಂಟ್ ಮನೆಯವರಾ? ದೊಡ್ಡವರಿಗೆ ಕೊಡಮ್ಮ.”

“ಅಮ್ಮನಿಗೂ ಜ್ವರ ಸಿಸ್ಟರ್. ಒಳಗಡೆ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿದಾರೆ. ನನಗೇ ಹೇಳಿ.”

“ನಿಮ್ಮಪ್ಪನಿಗೆ ಆಕ್ಸಿಜನ್ ಹಾಕಿದೀವಿ. ಮಾತಾಡೋಕೆ ಆಗ್ತಿಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಅವರಿಗೆ ಮೊದಲೇ ಏನಾದ್ರೂ ಕಾಯಿಲೆ ಇತ್ತಾ? ಶುಗರ್?”

“ಇಲ್ಲ.”

“ಬಿಪಿ? ಹಾರ್ಟಿಂದು?”

“ಇಲ್ಲ.”

“ಕೆಮ್ಮು, ದಮ್ಮು, ಎದೆಗೆ ಸಂಬಂಧಪಟ್ಟಿದ್ದು?”

“ಅಪ್ಪನಿಗೆ ಏನೂ ಇಲ್ಲ. ಗಟ್ಟಿಮುಟ್ಟಾಗಿದಾರೆ.”

ಬಾಯಿಪಾಠ ಒಪ್ಪಿಸಿದ ಹಾಗೆ ಪಟಪಟನೆ ಹೇಳಿದಳು. ಸಿಸ್ಟರ್ “ಸರಿ” ಅಂದು ಫೋನ್ ಇಟ್ಟರು.

ಈ ಹುಡುಗಿಯನ್ನು ಎಲ್ಲರೂ ಕರೆಯುವ ಹೆಸರು ಲಾಯರಮ್ಮ. ಆ ಹೆಸರಿಟ್ಟದ್ದು ಅಪ್ಪನೇ. ಹಲ್ಲುಜ್ಜು ಅಂದರೂ “ಯಾಕೆ?” ಅನ್ನುವವಳು ಅವಳು. “ಇವಳ ಹತ್ರ ಗೆಲ್ಲೋಕೆ ಜಡ್ಜೇ ಬರಬೇಕು ಕಣೇ,” ಎಂದು ಅಪ್ಪ ನಗುತ್ತಿದ್ದ. ನಗು ಕೊನೆಗೆ ಕೆಮ್ಮಾಗುತ್ತಿತ್ತು. ಆಗ ಅಮ್ಮ ಎದ್ದು ಹೋಗಿ ಬೀದಿ ಬಾಗಿಲು ಮುಚ್ಚುತ್ತಿದ್ದಳು.

ಅಪ್ಪ ಕೆಲಸ ಮಾಡುತ್ತಿದ್ದದ್ದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ. ದೊಡ್ಡ ಮನೆಗಳ ನೆಲಕ್ಕೆ ಹಾಕುವ, ಮುಖ ಕಾಣುವಷ್ಟು ಹೊಳೆಯುವ ಕಲ್ಲು. ಕೊಯ್ಯುವಾಗ ಮೇಲೆ ನೀರು ಬಿಟ್ಟರೆ ಧೂಳು ಏಳುವುದಿಲ್ಲವಂತೆ. ಆದರೆ ಕೆಲಸ ನಿಧಾನವಾಗುತ್ತದಂತೆ. ಹಾಗಾಗಿ ನೀರು ಬಿಡುತ್ತಿರಲಿಲ್ಲ. ಸಂಜೆ ಅಪ್ಪ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಬೆಳ್ಳಗಿರುತ್ತಿದ್ದವು. “ನೋಡಿದ್ಯಾ, ಒಂದೇ ದಿನಕ್ಕೆ ತಾತ ಆಗ್ಬಿಟ್ಟೆ,” ಅನ್ನುತ್ತಿದ್ದ.

ವರ್ಷಕ್ಕೊಮ್ಮೆ ಕಾರ್ಖಾನೆಗೆ ಅವರದೇ ಡಾಕ್ಟರು ಬರುತ್ತಿದ್ದರು. ಅವರ ಮುಂದೆ ಯಾರು ಕೆಮ್ಮಿದರೂ ಮಾರನೇ ದಿನದಿಂದ ಅವರಿಗೆ ಕೆಲಸವಿಲ್ಲ. ಅದಕ್ಕೇ ಆ ವಾರವೆಲ್ಲ ಅಪ್ಪ ಮನೆಯಲ್ಲಿ ಕೂತು ಕೆಮ್ಮು ನುಂಗುವುದನ್ನು ಅಭ್ಯಾಸ ಮಾಡುತ್ತಿದ್ದ. ಮುಖ ಕೆಂಪಗಾಗುವವರೆಗೆ ತಡೆಯುತ್ತಿದ್ದ. ಲಾಯರಮ್ಮನಿಗೆ ಮಾತು ನೆಟ್ಟಗೆ ಬರುವ ಮೊದಲೇ ಅಮ್ಮ ಕಲಿಸಿದ್ದಳು: ಯಾರಾದರೂ, ಯಾರೇ ಆದರೂ ಕೇಳಿದರೆ, ಅಪ್ಪನಿಗೆ ಏನೂ ಇಲ್ಲ. ಅವಳು ‘ಯಾಕೆ’ ಅನ್ನದೆ ಒಪ್ಪಿಕೊಂಡ ಪಾಠ ಅದೊಂದೇ.

ಲಾಯರಮ್ಮ ಹೋಗಿ ರೂಮಿನ ಬಾಗಿಲಿಗೆ ಕಿವಿ ಹಚ್ಚಿ ಕೂತಳು.

“ಅಮ್ಮ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ಅಪ್ಪನಿಗೆ ಮೊದಲೇ ಏನಿತ್ತು ಅಂತ ಕೇಳಿದ್ರು.”

“ನೀನೇನಂದೆ?”

“ಏನೂ ಇಲ್ಲ ಅಂದೆ. ನೀನು ಹೇಳ್ಕೊಟ್ಟ ಹಾಗೇ.”

ಒಳಗೆ ಮಂಚ ಕಿರುಗುಟ್ಟಿತು. ಶಭಾಶ್ ಅನ್ನಬಹುದು ಅಂದುಕೊಂಡಿದ್ದವಳು ಬಾಗಿಲಿಗೆ ಇನ್ನಷ್ಟು ಒತ್ತಿ ಕೂತಳು.

“ಅಮ್ಮ, ಹೇಳ್ಬೇಕಿತ್ತಾ?”

“ಅದು ಕಾರ್ಖಾನೆಯವರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಕಣೇ. ವಾಪಸ್ ಬಂದ ಮೇಲೆ ಏನ್ ಮಾಡೋದು?”

“ಬರದೇ ಹೋದ್ರೆ?”

ಲಾಯರಮ್ಮ ಎಂದಿನ ಹಾಗೆ ಕೇಳಿಬಿಟ್ಟಿದ್ದಳು. ಕೇಳಿದ ಮೇಲೆ ತನ್ನ ಪ್ರಶ್ನೆಗೆ ತಾನೇ ಹೆದರಿದಳು. ಬಾಗಿಲಿನಾಚೆ ಅಮ್ಮ ಅಳುತ್ತಿರುವುದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅಮ್ಮ ಹೇಳಿದಳು, “ಫೋನ್ ಮಾಡು. ಎಲ್ಲಾ ಹೇಳ್ಬಿಡು. ಒಂದೂ ಬಿಡಬೇಡ.”

ಆಸ್ಪತ್ರೆಯ ಫೋನು ಸುಲಭಕ್ಕೆ ಸಿಗಲಿಲ್ಲ. ಎಂಗೇಜ್. ಮತ್ತೆ ಎಂಗೇಜ್. ಆಮೇಲೆ ಯಾರೋ ಎತ್ತಿ, ಇನ್ಯಾರಿಗೋ ಕೊಟ್ಟು, ಕೊನೆಗೆ ಒಬ್ಬ ಡಾಕ್ಟರಮ್ಮ ಬಂದರು. ಲಾಯರಮ್ಮ ಒಂದೇ ಉಸಿರಿಗೆ ಹೇಳಿದಳು. ಅಪ್ಪನಿಗೆ ಕೆಮ್ಮಿದೆ. ತುಂಬಾ ವರ್ಷದಿಂದ ಇದೆ. ಮೆಟ್ಟಿಲು ಹತ್ತಿದರೆ ಮಧ್ಯದಲ್ಲಿ ಕೂತುಬಿಡ್ತಾರೆ. ಮಲಗಿದ್ರೆ ಉಸಿರು ಕಟ್ಟುತ್ತೆ, ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡ್ತಾರೆ. ಕಲ್ಲಿನ ಧೂಳು. “ನಾನೇ ಏನೂ ಇಲ್ಲ ಅಂದಿದ್ದು. ಸುಳ್ಳು ಹೇಳ್ದೆ.”

“ಅಳಬೇಡ. ಅವರ ಎಕ್ಸ್‌ರೇ ನೋಡಿದಾಗಲೇ ನಮಗೆ ಅನುಮಾನ ಬಂದಿತ್ತು,” ಅಂದರು ಡಾಕ್ಟರಮ್ಮ. “ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನಿಂದ ಏನೂ ಕೆಟ್ಟಿಲ್ಲ. ಈ ಮಾತು ನೆನಪಿಟ್ಟುಕೋ.”

“ಹಾಗಾದ್ರೆ ಅಪ್ಪ ಹುಷಾರಾಗ್ತಾರಾ?”

“ಪ್ರಯತ್ನ ಮಾಡ್ತಿದೀವಿ.”

“ಪಕ್ಕದ ಬೆಡ್ಡಲ್ಲಿ ಬಿಳೀ ಗಡ್ಡದ ತಾತ ಇದ್ರಲ್ಲ? ಅಪ್ಪ ಮಾತಾಡ್ತಿದ್ದಾಗ ವಿಡಿಯೋದಲ್ಲಿ ತೋರಿಸಿದ್ರು.”

“ಅವರು ಮನೆಗೆ ಹೋದ್ರು.”

“ಅಪ್ಪನಿಗಿಂತ ಎಷ್ಟೋ ದೊಡ್ಡವರು ಅವರು. ಅವರಿಗೂ ಇದೇ ಕೊರೊನಾ ತಾನೇ?”

ಡಾಕ್ಟರಮ್ಮನ ದನಿ ಸುಸ್ತಾಗಿತ್ತು. ಆದರೂ ಅವರು ಫೋನ್ ಇಡಲಿಲ್ಲ. “ಇದೇ ಕೊರೊನಾನೇ. ಆದರೆ ಅದು ಬರೋ ಮುಂಚೆ ಆ ದೇಹ ಹೇಗಿತ್ತು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ವಯಸ್ಸಾಗಿದ್ರೆ ಕಷ್ಟ. ಶುಗರ್ ಇದ್ರೆ ಕಷ್ಟ. ಆ ತಾತನಿಗೆ ವಯಸ್ಸೊಂದೇ ಆಗಿತ್ತು, ಶ್ವಾಸಕೋಶ ಚೆನ್ನಾಗಿತ್ತು. ನಿಮ್ಮಪ್ಪಂದು ಹಾಗಿಲ್ಲ ಪುಟ್ಟ. ಕೊರೊನಾ ಬರೋ ಮುಂಚೇನೇ ಅವರ ಅರ್ಧ ಉಸಿರನ್ನ ಕಿತ್ಕೊಂಡಾಗಿತ್ತು.”

“ಯಾರು ಕಿತ್ಕೊಂಡಿದ್ದು?”

ಡಾಕ್ಟರಮ್ಮ ಸಂಜೆ ವಿಡಿಯೋ ಕಾಲ್ ಮಾಡಿಸ್ತೀನಿ ಅಂದರು.

ಆ ಹೊತ್ತಿಗೆ ಬಾಗಿಲಲ್ಲಿ ಟಿಫಿನ್ ಡಬ್ಬಿಯ ಸದ್ದಾಯಿತು. ಪಕ್ಕದ ಮನೆಯ ಮೀಸೆ ಮಾವ. ಅವನೂ ಅವನ ಹೆಂಡತಿಯೂ ಅಪ್ಪನ ಕಾರ್ಖಾನೆಯವರೇ. ಮಾವನ ಮೀಸೆ ಮಾಸ್ಕಿನ ಎರಡೂ ಕಡೆಯಿಂದ ಇಣುಕುತ್ತಿತ್ತು. “ಊಟ ಬಂತು ಲಾಯರಮ್ಮ. ಫೀಸೇನೂ ಬೇಡ,” ಎಂದು ಹೊಸಿಲ ಮೇಲೆ ಡಬ್ಬಿ ಇಟ್ಟು ದೂರ ಸರಿದ. ಅವಳಿಗೆ ನಗಬೇಕು ಅನ್ನಿಸಿತು. ಆಗಲಿಲ್ಲ.

ಸಂಜೆ ಸಿಸ್ಟರ್ ಫೋನನ್ನು ಅಪ್ಪನ ಮುಖದ ಮುಂದೆ ಹಿಡಿದರು. ಮೂಗು ಬಾಯಿ ಮುಚ್ಚುವ ದೊಡ್ಡ ಮಾಸ್ಕು. ಕಣ್ಣು ಮಾತ್ರ ಅಪ್ಪನದು.

“ಅಪ್ಪ, ನಾನು ಡಾಕ್ಟರಿಗೆ ಎಲ್ಲಾ ಹೇಳ್ಬಿಟ್ಟೆ. ಕೆಮ್ಮಿಂದು, ಧೂಳಿಂದು. ಬೈಬೇಡ.”

ಅಪ್ಪ ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ತಲೆಯಾಡಿಸಿದ. ಅಷ್ಟರಲ್ಲಿ ಕೆಮ್ಮು ಬಂತು. ಅಭ್ಯಾಸಬಲದಿಂದ ಅವನ ಕೈ ಬಾಯಿಯ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು. ಕೈ ಕೆಳಗಿಟ್ಟು, ಯಾರಿಗೂ ಮುಚ್ಚಿಡದೆ, ಅಪ್ಪ ಕೆಮ್ಮಿದ.

ಆ ವಾರ ಮುಗಿಯುವ ಮೊದಲೇ ಅಪ್ಪ ಹೋಗಿಬಿಟ್ಟ. ಅವನನ್ನು ಮನೆಗೆ ತರಲಿಲ್ಲ. ಜ್ವರ ಬಿಟ್ಟ ಅಮ್ಮ ರೂಮಿನಿಂದ ಹೊರಗೆ ಬಂದು ಮೊದಲು ಮಾಡಿದ ಕೆಲಸವೆಂದರೆ, ಮಗಳನ್ನು ಅಪ್ಪಿಕೊಂಡು ನೆಲದ ಮೇಲೆ ಕೂತುಬಿಟ್ಟದ್ದು. ಇಬ್ಬರೂ ಹಾಗೇ ಕೂತಿದ್ದರು. ಸ್ಟವ್ ಹಚ್ಚಲಿಲ್ಲ.

ಕೆಲವು ದಿನ ಬಿಟ್ಟು ಕಾರ್ಖಾನೆಯ ಆಫೀಸಿನವರು ಫೋನ್ ಮಾಡಿದರು. ಅಮ್ಮ ಸ್ಪೀಕರ್ ಹಾಕಿದಳು.

“ತುಂಬಾ ಬೇಜಾರಾಯ್ತಮ್ಮ. ಏನ್ ಮಾಡೋದು, ಕೊರೊನಾ. ಇಡೀ ಪ್ರಪಂಚಕ್ಕೇ ಬಂದಿರೋದು.”

“ಸರ್, ಅವರಿಗೆ ಎದೆ ಕೆಟ್ಟಿತ್ತು. ಕಲ್ಲಿನ ಧೂಳಿಂದ ಅಂತ ಡಾಕ್ಟರೇ ಹೇಳಿದಾರೆ.”

“ಅದೆಲ್ಲ ನಮಗೆ ಗೊತ್ತಿಲ್ಲ. ನಮ್ಮ ಡಾಕ್ಟರು ಪ್ರತಿ ವರ್ಷ ನೋಡಿದಾರೆ. ಅವರಿಗೆ ಏನೂ ಇರಲಿಲ್ಲ. ಅಷ್ಟೇ ಯಾಕೆ, ನೀವೂ ಅದನ್ನೇ ಹೇಳ್ತಿದ್ರಿ.”

ಅಮ್ಮ ಬಾಯಿ ತೆರೆದಳು. ಆ ಕಡೆಯಿಂದ ಫೋನ್ ಇಟ್ಟ ಮೇಲೂ ಅವಳ ಬಾಯಿ ಹಾಗೇ ಇತ್ತು.

ಲಾಯರಮ್ಮ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಮೀಸೆ ಮಾವ ಅತ್ತಿಂದಿತ್ತ ಓಡಾಡುತ್ತಿದ್ದ. ಕೈಯಲ್ಲಿ ಫೋನಿತ್ತು. ಅವಳನ್ನು ಕಂಡು ನಿಂತ.

“ನಿಮ್ಮತ್ತೆಯನ್ನ ಬೆಳಗ್ಗೆ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ರು,” ಅಂದ. ಕಾರ್ಖಾನೆಯ ಧೂಳು ಗುಡಿಸುತ್ತಿದ್ದವಳು ಆ ಅತ್ತೆಯೇ. “ಈಗ ಆಸ್ಪತ್ರೆಯವರು ಫೋನ್ ಮಾಡಿ, ಮೊದಲೇ ಏನಿತ್ತು ಅಂತಾರೆ. ಆಮೇಲೆ ಹೇಳ್ತೀನಿ ಅಂತ ಇಟ್ಬಿಟ್ಟೆ. ನೀನು ಏನು ಹೇಳಿದ್ದೆ?”

“ನಿಜ ಹೇಳ್ದೆ. ಸ್ವಲ್ಪ ತಡವಾಗಿ.”

ಮಾವ ನೆಲ ನೋಡಿದ. “ಇಬ್ಬರದೂ ಕೆಲಸ ಹೋಗುತ್ತೆ ಕಣಮ್ಮ.”

“ಅತ್ತೆ ಕೆಮ್ಮೋದು ನಮ್ಮನೆಗೆ ಕೇಳಿಸುತ್ತೆ ಮಾವ. ಮಧ್ಯೆ ಇರೋದು ಒಂದೇ ಗೋಡೆ.”

ಮಾವ ತಲೆಯೆತ್ತಿದ. “ನಿಮ್ಮಪ್ಪಂದೂ ನಮಗೆ ಕೇಳಿಸ್ತಿತ್ತು.”

ಆ ಬೀದಿಯಲ್ಲಿದ್ದವರೆಲ್ಲ ಕಾರ್ಖಾನೆಯವರೇ. ಲಾಯರಮ್ಮ ಒಂದೊಂದೇ ಮನೆಯನ್ನು ನೋಡುತ್ತ ಹೋದಳು. ಸಾಲಾಗಿ ಬಾಗಿಲುಗಳು, ಎಲ್ಲವೂ ಮುಚ್ಚಿದ್ದವು. ಸೆಖೆಗಾಲದಲ್ಲೂ ಇವರೆಲ್ಲ ಹೀಗೆ ಬಾಗಿಲು ಮುಚ್ಚಿಕೊಂಡಿರುವುದು ಯಾಕೆಂದು ಅವಳು ಈವರೆಗೆ ಯೋಚಿಸಿರಲಿಲ್ಲ. ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೀಸೆ ಮಾವ ನಂಬರ್ ಒತ್ತಿದ. ಕಟ್ ಮಾಡಿದ. ಮತ್ತೆ ಒತ್ತಿ ಕಿವಿಗೆ ಹಿಡಿದ. “ಹಲೋ, ಸಿಸ್ಟರ್,” ಅಂದವನು ಅಲ್ಲಿಗೇ ನಿಂತುಬಿಟ್ಟ.

ಲಾಯರಮ್ಮ ಮೆಟ್ಟಿಲಿಳಿದು ಬೀದಿಗೆ ಬಂದು, ಸ್ವಲ್ಪ ದೂರದಲ್ಲಿ, ಮಾವನ ಕಣ್ಣಿಗೆ ಕಾಣುವ ಹಾಗೆ ನಿಂತಳು.

“ಅವಳಿಗೆ ಮೊದಲಿಂದಲೂ ಕೆಮ್ಮು ಇದೆ ಸಿಸ್ಟರ್,” ಅಂದ ಮಾವ. ಮೊದಲು ಮೆಲ್ಲಗೆ. ಆ ಕಡೆಯವರಿಗೆ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಹೇಳಿದ. ಈ ಸಲ ಬೀದಿಗೆಲ್ಲ ಕೇಳಿಸಿತು.