ಆರನೇ ನಂಬರಿನ ದೇಶ

"ಸಾರ್, ನಾಲ್ಕೇ ಪಾಯಿಂಟ್ ಆಗಿರೋದು!"

ಜೀರುಂಡೆಯ ಕೂಗಿಗೆ ಥರ್ಮೊಕೋಲ್ ಕೊಯ್ಯುತ್ತಿದ್ದ ಲಂಬು ಬೆಚ್ಚಿಬಿದ್ದ. ಬ್ಲೇಡು ಜಾರಿ ಗುಡಿಸಲಿನ ಗೋಡೆ ಎರಡು ಹೋಳಾಯಿತು.

"ಮೆಲ್ಲಗೆ ಮಾತಾಡೇ! ನಿನ್ನ ಬಾಯಿಗೆ ಗಮ್ ಹಚ್ಚ!"

ಬೆಳಗಿನಿಂದ ಸಂಜೆವರೆಗೂ ಕಿರ್ರೆನ್ನುವ ಆ ಹುಡುಗಿಗೆ ಒಂಬತ್ತನೇ ತರಗತಿಯವರೇ ಜೀರುಂಡೆ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಒಗ್ಗಿಹೋಗಿತ್ತು.

ಪಾಯಿಂಟ್ ಮೇಷ್ಟ್ರು ಗಡಿಯಾರ ನೋಡಿದರು. "ಗೆಸ್ಟ್ ಮೂರು ಗಂಟೆಗೆ ಬರ್ತಾರೆ. ಐದನೇ ಪಾಯಿಂಟ್ ತರದೆ ಇದ್ರೆ ನಿನಗೆ ಮೈಕ್ ಇಲ್ಲ. ಗೈಡ್ ಕೆಲಸ ಬೇರೆಯವರಿಗೆ ಕೊಡ್ತೀನಿ. ಹೋಗು, ಎಲ್ಲಾದರೂ ಹುಡುಕು."

ಹೈಸ್ಕೂಲಿನ ಮಕ್ಕಳಿಗೆ ಜಗತ್ತಿನ ಸಂಸ್ಕೃತಿಗಳು ಹತ್ತಿರವಾಗಬೇಕು, ಮೇಳ ಮಾಡಿ ಎಂದು ಮೇಲಿನಿಂದ ಸರ್ಕ್ಯುಲರ್ ಬಂದಿತ್ತು. ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಈ ಮೇಷ್ಟ್ರು ಜಗತ್ತನ್ನು ಹತ್ತು ಚೀಟಿ ಮಾಡಿ, ತಮ್ಮ ಟಿಫಿನ್ ಡಬ್ಬಿಗೆ ಹಾಕಿ ಕುಲುಕಿದರು. ಒಂದೊಂದು ಸೆಕ್ಷನ್ನಿಗೆ ಒಂದೊಂದು ದೇಶದ ಸ್ಟಾಲು, ಗೆದ್ದವರಿಗೆ ಕಪ್. ಜೀರುಂಡೆಯ ಕ್ಲಾಸಿಗೆ ಸಿಕ್ಕಿದ್ದು ಆರನೇ ನಂಬರು. ಅಂದಿನಿಂದ ಎಲ್ಲರ ಬಾಯಲ್ಲೂ ಅದು ಆರನೇ ನಂಬರಿನ ದೇಶ. ಅದರ ಸರಿಯಾದ ಹೆಸರು ಲಂಬುವಿಗೆ ಎರಡೇ ದಿನದಲ್ಲಿ ಮರೆತುಹೋಯಿತು.

ಯಾವ ದೇಶವಾದರೂ ಐದೇ ಪಾಯಿಂಟು. ಉಡುಪು, ಊಟ, ಮನೆ, ಕುಣಿತ, ಮತ್ತೊಂದು ಏನಾದರೂ. ಜೀರುಂಡೆ ಇಂಟರ್‌ನೆಟ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ನಾಲ್ಕನ್ನು ಬಾಯಿಪಾಠ ಮಾಡಿದ್ದಳು. "ಇಲ್ಲಿನ ಜನ ತಲೆಗೆ ಗರಿ ಸಿಕ್ಕಿಸಿಕೊಂಡು ಸದಾ ನಗುತ್ತಾ ಕುಣಿಯುತ್ತಾರೆ." ಆ ದೇಶದಲ್ಲಿ ಯಾರಿಗೂ ಹಲ್ಲುನೋವೇ ಬರುವುದಿಲ್ಲ, ಯಾರಿಗೂ ಬಸ್ಸು ತಪ್ಪುವುದೇ ಇಲ್ಲ ಎನ್ನುವ ಹಾಗೆ!

ಐದನೆಯದನ್ನು ಹುಡುಕಲು ಅವಳು ಲೈಬ್ರರಿಗೆ ಓಡಿದಳು. ಬಾಗಿಲಿಗೆ ಬೀಗ. ಮೇಳಕ್ಕೆ ಜಾಗ ಬೇಕೆಂದು ಕ್ಲಾಸುಗಳ ಬೆಂಚನ್ನೆಲ್ಲ ಅದರೊಳಗೆ ತುರುಕಿದ್ದರು. ಜಗತ್ತನ್ನು ತಿಳಿಯುವ ದಿನ ಪುಸ್ತಕಗಳಿಗೆ ರಜ.

ವಾಪಸ್ ಬರುವಾಗ ಹೊಸ ಕಾರಿಡಾರಿನಲ್ಲಿ ಅವಳ ಕಣ್ಣಿಗೆ ಒಂದು ಹಗ್ಗ ಬಿತ್ತು. ಕಂಬದಿಂದ ಕಂಬಕ್ಕೆ ಕಟ್ಟಿದ್ದರು. ಉದ್ದಕ್ಕೂ ಕೆಂಪು, ಹಳದಿ, ನೀಲಿ ಬಟ್ಟೆಚೂರುಗಳು. ನಡುವೆ ಒಂದು ರಟ್ಟು. ರಟ್ಟಿನ ಮೇಲೆ ಸುರುಳಿ ಸುರುಳಿ ಅಕ್ಷರ, ಕೆಳಗೆ ಮೀನಿನಂಥ ಒಂದು ಚಿತ್ರ.

ಜೀರುಂಡೆ ಆ ದೇಶದ ಅಕ್ಷರವಿದ್ದ ತನ್ನ ಪ್ರಿಂಟ್ ತೆಗೆದು ಹಿಡಿದು ನೋಡಿದಳು. ಅದೇ ಸುರುಳಿ!

ಹಗ್ಗ ಕಟ್ಟಿದವನು ಟೈಲ್ಸಿನವನು. ನಾಲ್ಕು ದಿನದಿಂದ ಮಂಡಿಯೂರಿ ಕೂತು ಆ ಕಾರಿಡಾರಿಗೆ ಟೈಲ್ಸ್ ಹಾಕುತ್ತಿದ್ದ. ಮಕ್ಕಳೆಲ್ಲ ಅವನ ಬಕೆಟ್ ಹಾರಿ ಕ್ಲಾಸಿಗೆ ಹೋಗುತ್ತಿದ್ದರು. ಅವತ್ತು ಬೆಳಿಗ್ಗೆ ಮೇಸ್ತ್ರಿ ಅವನಿಗೆ ಬೈಯುತ್ತಿದ್ದುದನ್ನು ಜೀರುಂಡೆಯೂ ಕೇಳಿದ್ದಳು. "ಗೆಸ್ಟ್ ಬರೋ ಹೊತ್ತಿಗೆ ನೆಲ ಕನ್ನಡಿ ಥರ ಇರ್ಬೇಕು. ಒಂದೇ ಒಂದು ಟೈಲ್ ಅಲ್ಲಾಡಿದ್ರೂ ನಾಳೆಯಿಂದ ನೀನು ಬರಬೇಡ. ಗೊತ್ತಾಯ್ತಾ?" ಆತ ತಲೆಯಾಡಿಸಿದ್ದ.

ಈಗ ಅಲ್ಲಿ ಯಾರೂ ಇರಲಿಲ್ಲ. ಊಟಕ್ಕೆ ಹೋಗಿದ್ದ. ಟೈಲ್ಸೆಲ್ಲ ನೆಟ್ಟಗೆ ಕೂತು ಹೊಳೆಯುತ್ತಿದ್ದವು. ಕೆಲಸ ಮುಗಿದಿದೆ, ಹಗ್ಗ ಇನ್ನೇಕೆ ಎಂದುಕೊಂಡ ಜೀರುಂಡೆ ಅದನ್ನು ಸರಸರನೆ ಬಿಚ್ಚಿದಳು.

ಪಾಯಿಂಟ್ ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. "ಒರಿಜಿನಲ್ ಕಣೇ ಇದು! ಒರಿಜಿನಲ್! ಬಾಗಿಲಿಗೆ ಕಟ್ಟಿ. ಬರ್ಕೋ, ಐದನೇ ಪಾಯಿಂಟ್: ಈ ದೇಶದ ಜನರು ಬಣ್ಣದ ತೋರಣ ಕಟ್ಟಿ, ಮೀನಿನ ಚಿತ್ರ ಬರೆದು ಅತಿಥಿಗಳನ್ನು ಸ್ವಾಗತಿಸುತ್ತಾರೆ."

"ಸಾರ್, ಈ ಮೀನಿಗೆ ಬಾಲದಲ್ಲಿ ಐದು ಬೆರಳಿವೆ," ಎಂದ ಲಂಬು.

"ಅದು ಕಲೆ ಕಣೋ. ನಿನಗೆ ಅರ್ಥ ಆಗಲ್ಲ."

ಅಷ್ಟು ದೂರದ ದೇಶದ ಅಕ್ಷರ ತಮ್ಮ ಸ್ಕೂಲಿನ ಕಾರಿಡಾರಿಗೆ ಹೇಗೆ ಬಂತು ಎಂದು ಮೇಷ್ಟ್ರು ಕೇಳಲಿಲ್ಲ. ಕೇಳಿದರೆ ಅದು ಆರನೇ ಪಾಯಿಂಟ್ ಆಗಿಬಿಡುತ್ತಿತ್ತಲ್ಲ!

ಹಗ್ಗ ಹೋದದ್ದೇ ತಡ, ಹೊಸ ಕಾರಿಡಾರು ಎಲ್ಲರಿಗೂ ಅಡ್ಡದಾರಿಯಾಯಿತು. ಲಂಬು ಗುಡಿಸಲು ಹೊತ್ತು ಎರಡು ಸಲ ಓಡಾಡಿದ. ಎರಡನೇ ನಂಬರಿನ ದೇಶದವರು ತಮ್ಮ ಎತ್ತರದ ಗೋಪುರವನ್ನು ಅಲ್ಲೇ ಎಳೆದುಕೊಂಡು ಹೋದರು. ಜೀರುಂಡೆಯಂತೂ ಎಷ್ಟು ಸಲ ಓಡಿದಳೋ ಲೆಕ್ಕವಿಲ್ಲ.

ಮೂರು ಗಂಟೆಗೆ ಗೆಸ್ಟ್ ಬಂದರು. ದೊಡ್ಡ ಕನ್ನಡಕದ ಹೆಂಗಸು. ತಲೆಗೆ ಕೋಳಿಗರಿ ಸಿಕ್ಕಿಸಿಕೊಂಡ ಜೀರುಂಡೆ ಮೈಕ್ ಹಿಡಿದು ಒಂದು, ಎರಡು, ಮೂರು, ನಾಲ್ಕು ಎಂದು ಒಪ್ಪಿಸಿದಳು. ಐದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ ಕಿರುಚಾಟ ಕೇಳಿತು.

"ಹನ್ನೊಂದು! ಹನ್ನೊಂದು ಟೈಲ್ ಅಲ್ಲಾಡ್ತಿವೆ! ಗೆಸ್ಟ್ ಎಡವಿ ಬಿದ್ದಿದ್ರೆ ನನ್ನ ಗತಿ ಏನು? ಹಸಿ ಇದೆ ಅಂತ ಒಂದು ಗುರುತು ಕಟ್ಟೋಕೂ ಬರಲ್ವಾ ನಿನಗೆ?" ಮೇಸ್ತ್ರಿಯ ದನಿ.

"ಕಟ್ಟಿದೆ. ಹಗ್ಗ ಕಟ್ಟಿದೆ. ಬೋರ್ಡು."

"ಎಲ್ಲಿದೆ? ತೋರಿಸು!"

ಟೈಲ್ಸಿನವನು ಸುತ್ತ ನೋಡಿದ. ಸ್ಟಾಲಿನ ಬಾಗಿಲಿಗೆ ತೋರಣವಾಗಿದ್ದ ತನ್ನ ಹಗ್ಗ ಕಂಡಿತು. ಗಾರೆ ಮೆತ್ತಿದ ಕೈ ಎತ್ತಿ ನೇರ ಅಲ್ಲಿಗೇ ಬಂದ.

"ಏಯ್, ಮುಟ್ಟಬೇಡ! ಅದು ಎಕ್ಸಿಬಿಟ್!" ಪಾಯಿಂಟ್ ಮೇಷ್ಟ್ರು ಅಡ್ಡ ನಿಂತರು.

"ನನ್ನದು."

ಗೆಸ್ಟ್ ಕನ್ನಡಕ ಸರಿಮಾಡಿಕೊಂಡರು. "ಏನು ಬರೆದಿದೆ ಅದರಲ್ಲಿ?"

"ಹಸಿ. ಕಾಲು ಇಡಬೇಡಿ."

"ಈ ಮೀನು?"

"ಮೀನಲ್ಲ. ಕಾಲು. ನನ್ನ ಕಾಲು ಇಟ್ಟು ಬರೆದೆ."

ಎರಡನೇ ನಂಬರಿನವರು ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. "ಸುಳ್ಳು ಮೇಡಂ! ಇದನ್ನ ನಮ್ಮ ಮಕ್ಕಳೇ ಕೂತು ಬರೆದದ್ದು. ಅಲ್ವೇನೇ?" ಎಂದು ಜೀರುಂಡೆಯ ಕಡೆ ಕಣ್ಣು ಬಿಟ್ಟರು.

"ಸರಿಯಾಯ್ತಲ್ಲ!" ಎಂದ ಮೇಸ್ತ್ರಿ. "ಮಾಡೋದನ್ನ ಮಾಡಿ ಮಕ್ಕಳ ಮೇಲೆ ಹಾಕ್ತೀಯಾ? ಸಾಮಾನು ಕಟ್ಟು. ಹೊರಡು."

ವಾದ ಮಾಡುವಷ್ಟು ಕನ್ನಡ ಟೈಲ್ಸಿನವನಿಗೆ ಬರುತ್ತಿರಲಿಲ್ಲ. ಜೀರುಂಡೆಯನ್ನು ಒಮ್ಮೆ ನೋಡಿ, ಗಾರೆ ಮೆತ್ತುವ ಕರಣೆ ಎತ್ತಿಕೊಳ್ಳಲು ತಿರುಗಿದ.

"ನಾನೇ ಬಿಚ್ಕೊಂಡು ಬಂದೆ."

ಮೈಕ್ ಆನ್ ಇತ್ತು. ಮಾತು ನಾಲ್ಕು ಸ್ಪೀಕರಿನಲ್ಲೂ ಮೊಳಗಿತು. ಗೇಟಿನ ಹತ್ತಿರ ನಿಂತಿದ್ದ ವಾಚ್‌ಮನ್ ಕೂಡ ತಿರುಗಿ ನೋಡಿದ.

"ಇವರು ಕಟ್ಟಿದ್ರು. ಊಟಕ್ಕೆ ಹೋದಾಗ ನಾನು ಬಿಚ್ಚಿದೆ. ಅವರು ಸುಳ್ಳು ಹೇಳ್ತಿಲ್ಲ."

ಮೇಸ್ತ್ರಿ ಕೂಗಾಡುವ ಹಾಗಿರಲಿಲ್ಲ. ಗೆಸ್ಟ್ ಎದುರಿಗೇ ಇದ್ದರಲ್ಲ. "ಹಾಗಾದ್ರೆ ಸರಿ, ಇರು. ಸಂಜೆಯೊಳಗೆ ಹನ್ನೊಂದನ್ನೂ ಎಬ್ಬಿಸಿ ಮತ್ತೆ ಕೂರಿಸು," ಎಂದು ಗೊಣಗಿ ಹೋದ.

ಕಪ್ ಎರಡನೇ ನಂಬರಿಗೆ ಹೋಯಿತು. ಅವರ ಗೋಪುರ ಎಲ್ಲಕ್ಕಿಂತ ಎತ್ತರವಾಗಿತ್ತು, ಸಂಸ್ಕೃತಿ ಅಂದರೆ ಇನ್ನೇನು ಬೇಕು? "ಕ್ಲಾಸಿನ ಮಾನ ಕಳೆದೆ," ಎಂದ ಪಾಯಿಂಟ್ ಮೇಷ್ಟ್ರು, ಟೈಲ್ಸಿನವನಿಗೆ ಒಂದು ಮಾತನ್ನೂ ಹೇಳದೆ ಸ್ಕೂಟರ್ ಹತ್ತಿದರು. ತಮ್ಮ ಬಾಯಲ್ಲಿ ಬಂದ ಸುಳ್ಳನ್ನು ಯಾವ ಪಾಯಿಂಟಿಗೆ ಸೇರಿಸಿಕೊಂಡರೋ!

ಬೆಲ್ ಹೊಡೆದ ಮೇಲೆ ಜೀರುಂಡೆ ಕಾರಿಡಾರಿಗೆ ಬಂದಳು. ಟೈಲ್ಸಿನವನು ಎಬ್ಬಿಸಿದ ಟೈಲುಗಳನ್ನು ಗೋಡೆಗೆ ಒರಗಿಸುತ್ತಿದ್ದ. ಅವಳು ಬ್ಯಾಗ್ ಇಳಿಸಿ, ಒಂದು ಟೈಲಿನ ಬೆನ್ನಿಗೆ ಮೆತ್ತಿದ್ದ ಗಾರೆಯನ್ನು ಸ್ಕೇಲಿನಿಂದ ಕೆರೆಯತೊಡಗಿದಳು. ಆತ ಸ್ವಲ್ಪ ಹೊತ್ತು ನೋಡಿ, ಸ್ಕೇಲ್ ಕಿತ್ತುಕೊಂಡು ಹಳೆಯ ಕರಣೆ ಕೊಟ್ಟ.

"ಸಾರಿ ಅಂಕಲ್."

"ಹ್ಞೂಂ."

ಮೂರು ಟೈಲು ಕೆರೆದಾಯಿತು. ಆಮೇಲೆ ಆತನೇ ಕೇಳಿದ, "ಎಷ್ಟನೇ ಕ್ಲಾಸು?"

"ಒಂಬತ್ತು."

"ನಮ್ಮ ದೇಶದಲ್ಲಿ ನನ್ನ ಮಗಳೂ ಅಷ್ಟೇ. ಅವಳಿಗೂ ಸ್ಕೂಲಿನಲ್ಲಿ ಇದೇ. ಬೇರೆ ದೇಶದ ಬಗ್ಗೆ ಬರೆಯಬೇಕು. ಫೋನಿನಲ್ಲಿ ನನ್ನ ಕೇಳಿದಳು. ಅಪ್ಪ, ಅಲ್ಲಿನ ಜನ ಹೇಗಿದ್ದಾರೆ ಅಂತ."

"ಅಲ್ಲಿನ ಅಂದ್ರೆ?"

"ಇಲ್ಲಿನ. ನೀವು."

ಜೀರುಂಡೆಗೆ ನಗು ಬಂತು. ತಮ್ಮ ಬಗ್ಗೆಯೂ ಯಾರೋ ಬರೆಯುತ್ತಾರೆ ಎಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. "ಏನಂತ ಹೇಳಿದ್ರಿ?"

ಆತ ರಸಮಟ್ಟವನ್ನು ಟೈಲಿನ ಮೇಲಿಟ್ಟು ಗುಳ್ಳೆ ನಡುವಿಗೆ ಬರುವುದನ್ನೇ ಕಾದ. "ಜೋರಾಗಿ ನಡೀತಾರೆ ಅಂದೆ. ಕೆಳಗೆ ನೋಡೋದಿಲ್ಲ ಅಂದೆ."

"ಅಷ್ಟೇನಾ?"

"ಈ ದೇಶಕ್ಕೆ ಬಂದು ನಾಲ್ಕು ತಿಂಗಳು ನೆಲದ ಮೇಲೇ ಕೂತಿದ್ದೇನೆ. ಇಲ್ಲಿಂದ ಅಷ್ಟೇ ಕಂಡದ್ದು."

ಹಾಗಲ್ಲ ಅಂಕಲ್, ಎನ್ನಬೇಕೆಂದಿತ್ತು ಅವಳಿಗೆ. ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ತನ್ನ ಅಮ್ಮ ಹತ್ತಿದವರನ್ನೆಲ್ಲ ಮಾತಾಡಿಸುತ್ತಾಳೆ, ರಾಗವೇ ಬಾರದ ಅಪ್ಪ ಬಚ್ಚಲಿನಲ್ಲಿ ಹಾಡುತ್ತಾನೆ, ಲಂಬು ತನ್ನ ಟಿಫಿನ್ನಿನಲ್ಲಿ ಅರ್ಧ ಬೇರೆಯವರಿಗೇ ಕೊಡುತ್ತಾನೆ ಎಂದೆಲ್ಲ ಹೇಳಬೇಕೆಂದಿತ್ತು. ಆದರೆ ನಾಲ್ಕು ದಿನ ಇದೇ ಬಕೆಟ್ಟನ್ನು ತಾನೂ ಹಾರಿದ್ದಳು. ಅವನ ಮುಖವನ್ನು ಸರಿಯಾಗಿ ನೋಡಿದ್ದೇ ಇವತ್ತು.

ಅವಳು ಕೆರೆದು ಮುಗಿಸಿದ ಟೈಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಇಟ್ಟಳು.

"ಅಂಕಲ್, ಇದು ಯಾವ ಕಡೆಯಿಂದ ಕೂರಿಸಬೇಕು?"

ಆತ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಜೀರುಂಡೆ ಮಂಡಿಯೂರಿದಳು.